ಡೇಟಾ ಬೇರೆ, ತೋರಿಸೋ ರೀತಿ ಬೇರೆ: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ಹಳೆಯದು. ಲೆಕ್ಕದ ಕೋಡ್, ಡೇಟಾಬೇಸ್‌ನಿಂದ ಡೇಟಾ ತರೋ ಎಸ್‌ಕ್ಯುಎಲ್, ಪುಟ ತೋರಿಸೋ ಎಚ್‌ಟಿಎಂಎಲ್ ಎಲ್ಲ ಒಂದೇ ಫೈಲ್‌ನಲ್ಲಿ ಕಲಸಿಕೊಂಡಿವೆ. ಈಗ ಮೊಬೈಲ್ ಆ್ಯಪ್ ಕೂಡ ಬೇಕಂತೆ. ಪೂರ್ತಿ ಹೊಸದಾಗಿ ಬರೆಯೋಕೆ ಸಮಯ ಇಲ್ಲ. ಇಂಥ ಕೆಲಸ ಮಾಡಿದವರು ಮೊದಲು ಯಾವುದಕ್ಕೆ ಕೈ ಹಾಕಿದಿರಿ?

ಉತ್ತರ 1: ಫೈಲ್ ಒಡೆಯೋಕೆ ಮುಂಚೆ ಡೇಟಾಬೇಸ್‌ನ ಟೇಬಲ್‌ಗಳನ್ನು ತೆರೆದು ನೋಡಿ. ನನ್ನ ಕೈಗೆ ಬಂದ ಒಂದು ಹಳೆಯ ಸಿಸ್ಟಂನಲ್ಲಿ ದಿನಾಂಕಗಳು '03/04/2021' ಅಂತ ಸ್ಟ್ರಿಂಗ್ (ಬರೀ ಅಕ್ಷರಗಳ ಸಾಲು) ಆಗಿ ಕೂತಿದ್ದವು. ಅದು ಏಪ್ರಿಲ್ 3 ಇರಬಹುದು, ಮಾರ್ಚ್ 4 ಕೂಡ ಇರಬಹುದು. ಸಾರ್ಟ್ ಮಾಡಿದರೆ '10/01/2022' ಮೊದಲು, '11/05/2019' ಆಮೇಲೆ. ಇನ್ನೊಂದು ಕಾಲಂನಲ್ಲಿ ಹಣ ಬಾರದ ಬಿಲ್‌ಗಳಿಗೆ 'ಕೆಂಪು' ಅಂತ ಬರೆದಿತ್ತು. ಟೇಬಲ್‌ಗೆ ಬೇಕಾದದ್ದು 'ಬಾಕಿ' ಅನ್ನೋ ಸ್ಥಿತಿ. ಬಣ್ಣ ಯಾವುದು ಅಂತ ಪರದೆ ತೀರ್ಮಾನಿಸಲಿ. ದಿನಾಂಕವನ್ನು ದಿನಾಂಕದ ಟೈಪ್‌ನಲ್ಲೇ ಇಡಿ, ಎಪಿಐನಲ್ಲಿ (ಆ್ಯಪ್‌ಗೆ ಡೇಟಾ ಕೊಡೋ ದಾರಿ) ದಿನಾಂಕ ಬರೆಯೋ ಅಂತಾರಾಷ್ಟ್ರೀಯ ಮಾನದಂಡ ಐಎಸ್‌ಒ 8601 ಪ್ರಕಾರ 2021-04-03 ಅಂತ ಕಳಿಸಿ.

ಉತ್ತರ 2: ಮೇಲಿನವರ ಮಾತು ನಿಜ. ಆದರೆ ನಿಮ್ಮದು ಬಿಲ್ಲಿಂಗ್, ಹಾಗಾಗಿ ಒಂದು ವಿಷಯ ಒತ್ತಿ ಹೇಳ್ತೀನಿ: ರೌಂಡ್ ಮಾಡೋದನ್ನು ಬರೀ ತೋರಿಕೆ ಅಂದ್ಕೋಬೇಡಿ. ಬಿಲ್‌ನಲ್ಲಿ 10.004ರ ಮೂರು ಸಾಲು ಇವೆ ಅಂತಿಟ್ಟುಕೊಳ್ಳಿ. ಪ್ರತಿ ಸಾಲಲ್ಲೂ 10.00 ಕಾಣುತ್ತೆ, ಒಟ್ಟು ಮಾತ್ರ 30.01. ಗ್ರಾಹಕರು ಕೇಳಿದರೆ ಏನು ಹೇಳ್ತೀರಿ? ಸಾಲಿಗೆ ರೌಂಡ್ ಮಾಡಬೇಕಾ, ಒಟ್ಟಿಗಾ ಅನ್ನೋದು ವ್ಯವಹಾರದ ನಿಯಮ. ಅದನ್ನು ವೆಬ್ ಒಂದು ತರ, ಆ್ಯಪ್ ಇನ್ನೊಂದು ತರ ಮಾಡಿದರೆ ಒಂದೇ ಬಿಲ್‌ಗೆ ಎರಡು ಮೊತ್ತ ಬರುತ್ತೆ. ಗ್ರಾಹಕರಿಗೆ ಕೊಟ್ಟ ಬಿಲ್‌ನಲ್ಲಿ ಅಚ್ಚಾದ ಮೊತ್ತವನ್ನು ಹಾಗೇ ಉಳಿಸಿ. ಮುಂದೆ ತೆರಿಗೆ ದರ ಬದಲಾದರೂ ಹಳೆ ಬಿಲ್ ಬದಲಾಗಬಾರದು ಅಲ್ವಾ? ದಶಾಂಶ, ಅಲ್ಪವಿರಾಮ, ಕರೆನ್ಸಿ ಚಿಹ್ನೆ, ಇವು ಮಾತ್ರ ಪರದೆಯ ಪಾಲು.

ಉತ್ತರ 3: ಇದಕ್ಕಾಗಿ ಸುಮ್ನೆ ಹೊಸ ಫ್ರೇಮ್‌ವರ್ಕ್ ತರಬೇಡಿ. 1979ರಲ್ಲಿ ಕಂಪ್ಯೂಟರ್ ವಿಜ್ಞಾನಿ ಟ್ರಿಗ್ವೆ ರೀನ್ಸ್‌ಕೌಗ್ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರ ಪಾರ್ಕ್‌ನಲ್ಲಿ ಎಂವಿಸಿ (ಮಾಡೆಲ್-ವ್ಯೂ-ಕಂಟ್ರೋಲರ್) ಅನ್ನೋ ವಿನ್ಯಾಸ ರೂಪಿಸಿದಾಗಿನಿಂದ ಹುರುಳು ಒಂದೇ: ಮಾಡೆಲ್ (ಡೇಟಾ, ಲೆಕ್ಕ) ಒಂದು, ಅದನ್ನು ತೋರಿಸೋ ವ್ಯೂ ಹಲವು. ಅದಕ್ಕೆ ಮಾಮೂಲಿ ಫಂಕ್ಷನ್‌ಗಳೇ ಸಾಕು. ಆ್ಯಪ್‌ಗೆ ಮೊದಲು ಬೇಕಾದ ಒಂದು ಪುಟ ಆರಿಸಿಕೊಳ್ಳಿ, ಬಾಕಿ ಬಿಲ್‌ಗಳ ಪಟ್ಟಿ ಅಂತ ಅಂದ್ಕೊಳ್ಳಿ. ಅದರ ಎಸ್‌ಕ್ಯುಎಲ್ ಕ್ವೆರಿ, ಲೆಕ್ಕ ಎರಡನ್ನೂ ಒಂದು ಫಂಕ್ಷನ್‌ಗೆ ಎತ್ತಿಡಿ. ಅದು ಬರೀ ಡೇಟಾ ಕೊಡಲಿ, ಒಂದೂ ಎಚ್‌ಟಿಎಂಎಲ್ ಟ್ಯಾಗ್ ಇರಬಾರದು. ಹಳೆ ವೆಬ್ ಪುಟವೂ ಅದನ್ನೇ ಕರೆಯಲಿ, ಹೊಸ ಎಪಿಐ ಕೂಡ ಅದನ್ನೇ ಕರೆಯಲಿ. ಬ್ರೌಸರ್ ತೆರೆಯದೇ ಆ ಫಂಕ್ಷನ್‌ಗೆ ಟೆಸ್ಟ್ ಬರೆಯೋಕಾದರೆ ಸರಿಯಾಗಿ ಬೇರೆಯಾಗಿದೆ ಅಂತ. ಆಮೇಲೆ ಮುಂದಿನ ಪುಟಕ್ಕೆ ಹೋಗಿ. ಯಾರೂ ಮುಟ್ಟದ ಹಳೆ ರಿಪೋರ್ಟ್‌ಗಳನ್ನು ಸದ್ಯಕ್ಕೆ ಹಾಗೇ ಬಿಡಿ.