ಅಪ್‌ಡೇಟ್: ಸೈಡ್‌ಕಾರ್ ಬುಲೆಟ್ ಈಗ ನೆಟ್ಟಗೆ ಓಡುತ್ತಿದೆ

ಹುಬ್ಬಳ್ಳಿ-ಹಾವೇರಿ ಹೈವೇಯಲ್ಲಿ 50 ದಾಟಿದರೆ ನನ್ನ ಸೈಡ್‌ಕಾರ್ (ಬೈಕಿನ ಎಡಬದಿಗೆ ಜೋಡಿಸಿದ ಒಂಟಿ ಚಕ್ರದ ಬಂಡಿ) ಹಚ್ಚಿದ ಹಳೇ ಬುಲೆಟ್ ಎಡಕ್ಕೆ ಎಳೆಯುತ್ತದೆ, ಏನು ಮಾಡಲಿ ಅಂತ ಕೇಳಿದ್ದೆ. ಸ್ಟೀರಿಂಗ್ ಡ್ಯಾಂಪರ್ (ಹ್ಯಾಂಡಲ್ ಅದುರದಂತೆ ಹಿಡಿಯುವ ಸಾಧನ) ಹಾಕಿಸಿ ಅಂದವರೇ ಜಾಸ್ತಿ. ಅದನ್ನು ಇನ್ನೂ ಹಾಕಿಸಿಲ್ಲ.

ತಪ್ಪು ಇದ್ದದ್ದು ಜೋಡಣೆಯಲ್ಲಿ. ಗೋಕುಲ ರೋಡ್ ಕಡೆಯ ಹಿರಿಯ ಮೇಸ್ತ್ರಿಯೊಬ್ಬರು ಎರಡು ನೆಟ್ಟನೆಯ ಪಟ್ಟಿಗಳಲ್ಲಿ ಒಂದನ್ನು ಬೈಕಿನ ಟೈರುಗಳಿಗೆ, ಇನ್ನೊಂದನ್ನು ಸೈಡ್‌ಕಾರ್ ಟೈರಿಗೆ ಒತ್ತಿಟ್ಟು ಟೇಪ್ ಹಿಡಿದು ಅಳೆದರು. ಪಟ್ಟಿಗಳ ಅಂತರ ಹಿಂದಿಗಿಂತ ಮುಂದೆ ಸ್ವಲ್ಪ ಕಡಿಮೆ ಇರಬೇಕು. ನಮ್ಮದು ಉಲ್ಟಾ! ಪಕ್ಕದ ಚಕ್ರ ಹೊರಗೆ ಮುಖ ಮಾಡಿತ್ತು. ಕ್ಲ್ಯಾಂಪ್ ಸಡಿಲಿಸಿ, ಮುಂದೆ 15 ಮಿ.ಮೀ. ಕಡಿಮೆ ಬರುವಂತೆ ಕೂರಿಸಿದರು. ಆಮೇಲೆ ಬೈಕನ್ನು ಒಂದು ಡಿಗ್ರಿಯಷ್ಟು ಬಲಕ್ಕೆ ವಾಲಿಸಿದರು. ನಮ್ಮ ರಸ್ತೆ ಎಡಕ್ಕೆ ಇಳಿಜಾರು ಅಲ್ವಾ? ನನ್ನನ್ನು ಸೀಟಿನ ಮೇಲೆ ಕೂರಿಸಿಯೇ ಅಳೆದರು, ಖಾಲಿ ಗಾಡಿಯ ಲೆಕ್ಕ ಬೇರೆ ಬರುತ್ತದೆ.

ಎಡ ತಿರುವಿನಲ್ಲಿ ಖಾಲಿ ಸೈಡ್‌ಕಾರ್ ಮೇಲೇಳುತ್ತಿತ್ತು. ಈಗ ಅದರಲ್ಲಿ 30 ಕೆಜಿ ಜೋಳದ ಚೀಲ, ಹಗ್ಗ ಬಿಗಿದು. ಹೆಂಡತಿ ಬಂದ ದಿನ ಚೀಲಕ್ಕೆ ರಜೆ.

ನಿನ್ನೆ ಶಿಗ್ಗಾವಿವರೆಗೆ ಹೋಗಿ ಬಂದೆ. 60ರಲ್ಲೂ ನೆಟ್ಟಗೆ ಓಡಿತು. ಲಾರಿ ಹಾಯ್ದಾಗ ಗಾಳಿಗೆ ಅಲುಗುವುದು ಮಾತ್ರ ಇದ್ದೇ ಇದೆ. ಜೋರಾಗಿ ಬ್ರೇಕ್ ಹಿಡಿದರೆ ಬಲಕ್ಕೆ ತಿರುಗುತ್ತದೆ. ಪಕ್ಕದ ಚಕ್ರಕ್ಕೆ ಬ್ರೇಕ್ ಇಲ್ಲವಲ್ಲ, ಅದು ಸುಮ್ನೆ ಮುಂದಕ್ಕೆ ನುಗ್ಗುತ್ತದೆ. ಮುಂದಿನ ತಿಂಗಳು ಅದರ ಕೆಲಸ.