ಅಪ್‌ಡೇಟ್: ಇಂಟರ್‌ವ್ಯೂ ಆಗಿ ಹತ್ತು ದಿನ ಸದ್ದಿಲ್ಲ ಅಂದಿದ್ದೆನಲ್ಲ, ಮುಂದೇನಾಯ್ತು

ಮರೆತವರಿಗೆ ಮತ್ತೊಮ್ಮೆ: ಬೆಂಗಳೂರಿನ ಒಂದು ಕಂಪನಿಯ ಬ್ಯಾಕೆಂಡ್ (ಸರ್ವರ್ ಕಡೆಯ ಪ್ರೋಗ್ರಾಮಿಂಗ್) ಕೆಲಸಕ್ಕೆ ಇಂಟರ್‌ವ್ಯೂ ಕೊಟ್ಟಿದ್ದೆ. ಎರಡನೇ ರೌಂಡಿನಲ್ಲಿ ಎಲ್‌ಆರ್‌ಯು ಕ್ಯಾಶ್ (ಜಾಗ ತುಂಬಿದಾಗ, ಬಳಸಿ ಜಾಸ್ತಿ ಹೊತ್ತಾದದ್ದನ್ನು ಮೊದಲು ತೆಗೆಯುವ ತಾತ್ಕಾಲಿಕ ಸಂಗ್ರಹ) ಬರೆಯಿರಿ ಎಂದಾಗ ತಡವರಿಸಿದೆ. ಆಮೇಲೆ ಸುದ್ದಿಯೇ ಇಲ್ಲ. ಎಚ್‌ಆರ್‌ಗೆ ನಾನೇ ಮೇಲ್ ಹಾಕಲೇ ಎಂದು ಕೇಳಿದ್ದೆ.

ಹಾಕಿದೆ. ಎರಡೇ ಸಾಲು. ಮರುದಿನವೇ ಫೋನ್ ಬಂತು, ಮೂರನೇ ರೌಂಡಿಗೆ! ಇಂಟರ್‌ವ್ಯೂ ಮಾಡಿದವರು ರಜೆ ಮೇಲೆ ಹೋಗಿದ್ದರಂತೆ, ಅಷ್ಟೇ. ಸುಮ್ನೆ ಹತ್ತು ದಿನ ನಿದ್ದೆ ಕೆಡಿಸಿಕೊಂಡೆ.

ಅಷ್ಟರಲ್ಲಿ ಆ ಪ್ರಶ್ನೆಯನ್ನು ಮತ್ತೆ ಬಿಡಿಸಿಟ್ಟಿದ್ದೆ. ಬರೀ ಹ್ಯಾಶ್‌ಮ್ಯಾಪ್ (ಕೀಲಿ ಕೊಟ್ಟರೆ ಅದರ ಮೌಲ್ಯ ಕೊಡುವ ಕೋಷ್ಟಕ) ಸಾಕು ಅಂದುಕೊಂಡಿದ್ದೇ ನನ್ನ ತಪ್ಪು. ಅದರಲ್ಲಿ ಹುಡುಕುವುದು ಬೇಗ, ಆದರೆ ಯಾವುದನ್ನು ಬಳಸಿ ಜಾಸ್ತಿ ಹೊತ್ತಾಯಿತು ಎಂಬುದು ತಿಳಿಯುವುದಿಲ್ಲ. ಜೊತೆಗೆ ಡಬ್ಲಿ ಲಿಂಕ್ಡ್ ಲಿಸ್ಟ್, ಅಂದರೆ ಪ್ರತಿಯೊಂದೂ ಹಿಂದಿನದಕ್ಕೂ ಮುಂದಿನದಕ್ಕೂ ಕೊಂಡಿ ಇಟ್ಟುಕೊಂಡ ಪಟ್ಟಿ ಬೇಕು. ಮುಟ್ಟಿದ್ದನ್ನು ಪಟ್ಟಿಯ ತಲೆಗೆ ತರುವುದು, ಜಾಗ ತುಂಬಿದರೆ ಬಾಲದಿಂದ ಕೀಳುವುದು. ಮೂರನೇ ರೌಂಡಿನ ಮ್ಯಾನೇಜರ್ ಅದನ್ನೇ ಕೆದಕಿದರು. ಎರಡು ಥ್ರೆಡ್ (ಒಂದೇ ಪ್ರೋಗ್ರಾಮಿನಲ್ಲಿ ಏಕಕಾಲಕ್ಕೆ ಓಡುವ ಕೆಲಸಗಳು) ಒಟ್ಟಿಗೆ ಓದಲು ಬಂದರೆ? ಒಂದು ಸಲಕ್ಕೆ ಒಂದನ್ನೇ ಒಳಗೆ ಬಿಡುವ ಲಾಕ್ ಬೇಕು ಸರ್, ಇಲ್ಲಿ ಓದಿದರೂ ಪಟ್ಟಿಯ ಕ್ರಮ ಬದಲಾಗುತ್ತದೆ ಅಲ್ವಾ ಎಂದೆ. ನಕ್ಕರು.

ಆಫರ್ ಬಂದಿದೆ. ಈಗ ತಲೆನೋವು ಬೇರೆ. ಈಗಿನ ಕಂಪನಿಯಲ್ಲಿ ನನ್ನ ನೋಟಿಸ್ ಪೀರಿಯಡ್ (ರಾಜೀನಾಮೆ ಕೊಟ್ಟ ಮೇಲೂ ಕೆಲಸ ಮಾಡಬೇಕಾದ ಅವಧಿ) 90 ದಿನ, ಹೊಸ ಕಂಪನಿಗೆ ನಾನು 30 ದಿನದಲ್ಲಿ ಸೇರಬೇಕಂತೆ. ಉಳಿದ ದಿನಗಳ ಬೈಔಟ್ ದುಡ್ಡು (ಬೇಗ ಬಿಡಲು ಹಳೆ ಕಂಪನಿಗೆ ಕಟ್ಟಬೇಕಾದದ್ದು) ನೀವು ಕೊಡುತ್ತೀರಾ ಎಂದು ಹೊಸ ಕಂಪನಿಗೆ ಮೇಲ್ ಹಾಕಿದ್ದೇನೆ. ಈ ಸಲ ಹತ್ತು ದಿನ ಕಾಯುವುದಿಲ್ಲ, ಸೋಮವಾರ ನಾನೇ ಫೋನ್ ಮಾಡುತ್ತೇನೆ.