ಆಟಿಸಂ ಇರುವವರು ಒಬ್ಬರೇ ಹಂಪಿಗೆ ಹೋಗುವುದಾದರೆ: ರೈಲು, ರೂಮು, ಸದ್ದು

ನೀಲಿಛತ್ರಿ (ಪ್ರಶ್ನೆ)

ವಯಸ್ಸು 29. ಆಟಿಸಂ ಅಂತ ಗೊತ್ತಾಗಿದ್ದು ದೊಡ್ಡವಳಾದ ಮೇಲೆ. ಬೆಂಗಳೂರಿಂದ ಹಂಪಿಗೆ ಒಬ್ಬಳೇ ಹೋಗಿ ಎರಡು ರಾತ್ರಿ ಉಳಿಯುವ ಯೋಚನೆ ಇದೆ. ಕಷ್ಟ ಕೊಡೋದು ಮೂರು: ಹಠಾತ್ ಸದ್ದು, ಗುರುತಿಲ್ಲದವರ ಜೊತೆ ಚೌಕಾಸಿ, ಕೊನೇ ಗಳಿಗೆಯಲ್ಲಿ ಪ್ಲಾನ್ ಬದಲಾಗೋದು. "ಧೈರ್ಯ ಮಾಡಿ, ಎಲ್ಲಾ ಸರಿಹೋಗುತ್ತೆ" ಅನ್ನೋ ಉತ್ತರ ಬೇಡ. ಎಲ್ಲೆಲ್ಲಿ ಕೆಡುತ್ತೆ, ಯಾಕೆ ಕೆಡುತ್ತೆ, ಅದಕ್ಕೆ ಏನು ಮಾಡ್ಬೇಕು ಅಷ್ಟು ಹೇಳಿ. ಇನ್ನೊಂದು ವಿಷಯ. ನನಗೆ ಇಷ್ಟವಾಗೋದು ಯಾವುದು, ಮನೆಯವರಿಗೋಸ್ಕರ ಸಹಿಸಿಕೊಂಡು ಬಂದಿರೋದು ಯಾವುದು ಅನ್ನೋದೇ ನನಗೆ ಬೇರ್ಪಡಿಸೋಕೆ ಬರ್ತಿಲ್ಲ. ಒಬ್ಬಳೇ ಹೋದರೆ ಅದು ತಿಳಿಯುತ್ತಾ?

ಹಳಿಪಕ್ಕ

ಬಸ್ಸಿಗಿಂತ ರೈಲು ಮೇಲು. ಬಸ್ಸಿನಲ್ಲಿ ಶೌಚಾಲಯ ಇರಲ್ಲ, ಎಲ್ಲಿ ಎಷ್ಟು ಹೊತ್ತು ನಿಲ್ಲಿಸ್ತಾರೆ ಅನ್ನೋದು ಡ್ರೈವರ್ ಕೈಯಲ್ಲಿ. ಹಂಪಿ ಎಕ್ಸ್‌ಪ್ರೆಸ್ ರಾತ್ರಿ ಬೆಂಗಳೂರು ಬಿಟ್ಟು ಬೆಳಿಗ್ಗೆ ಹೊಸಪೇಟೆ ಮುಟ್ಟುತ್ತೆ.

ಟಿಕೆಟ್ ಮಾಡುವಾಗ ಐಆರ್‌ಸಿಟಿಸಿಯಲ್ಲಿ ಎರಡು ಚೌಕ ನೋಡಿ. "ಕನ್ಫರ್ಮ್ ಬರ್ತ್ ಸಿಕ್ಕರೆ ಮಾತ್ರ ಬುಕ್ ಮಾಡು" ಅನ್ನೋದಕ್ಕೆ ಗುರುತು ಹಾಕಿ. ಆರ್‌ಎಸಿ ಬಂದರೆ ಸೈಡ್ ಲೋಯರ್ ಬರ್ತನ್ನು ಇನ್ನೊಬ್ಬರ ಜೊತೆ ಹಂಚಿಕೊಂಡು ಕೂತಿರಬೇಕಾಗುತ್ತೆ, ನಿಮಗೆ ಅದು ಆಗೋದಲ್ಲ. "ಆಟೋ ಅಪ್‌ಗ್ರೇಡ್" ಅನ್ನೋದರ ಗುರುತು ತೆಗೆದುಬಿಡಿ. ಮೇಲಿನ ದರ್ಜೆ ಸಿಗಬಹುದು ನಿಜ, ಆದರೆ ನೀವು ಮನಸ್ಸಿನಲ್ಲಿ ಚಿತ್ರ ಮಾಡಿಕೊಂಡಿರೋ ಬೋಗಿ, ಬರ್ತು ಎರಡೂ ಬದಲಾಗುತ್ತೆ.

ಬರ್ತ್ ಆಯ್ಕೆ: ದುಡ್ಡು ಹೊಂದಿದರೆ ಟೂ ಎಸಿ, ಅಲ್ಲಿ ಪರದೆ ಇದೆ. ಥ್ರೀ ಎಸಿ ಆದರೆ ಅಪ್ಪರ್. ಕೆಳಗಿನ ಬರ್ತಿನಲ್ಲಿ ಹತ್ತು ಗಂಟೆವರೆಗೂ ಬೇರೆಯವರು ಕೂರುವ ಹಕ್ಕಿದೆ, ಮಧ್ಯದ್ದನ್ನು ಬೇಕೆಂದಾಗ ಬಿಚ್ಚೋಕಾಗಲ್ಲ. ಅಪ್ಪರ್‌ಗೆ ಹತ್ತಿ ಮಲಗಿದರೆ ಯಾರೂ ಮಾತಿಗೆ ಎಳೆಯಲ್ಲ. ಅದರದ್ದೂ ಒಂದು ತೊಂದರೆ ಇದೆ: ಎಸಿ ಗಾಳಿ ಹತ್ತಿರ, ಲೈಟೂ ಹತ್ತಿರ. ಮಂಕಿ ಟೋಪಿ, ಕಣ್ಣುಪಟ್ಟಿ ಇಟ್ಕೊಳ್ಳಿ.

ಗಾಡಿ ಹೊಸಪೇಟೆಯಲ್ಲೇ ಮುಗಿಯಲ್ಲ, ಹುಬ್ಬಳ್ಳಿಗೆ ಹೋಗುತ್ತೆ. ಬಳ್ಳಾರಿ ದಾಟಿದ ಮೇಲೆ ಒಂದು ಗಂಟೆ ಚಿಲ್ಲರೆ. ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಿ, ಇಳಿಯೋ ಸ್ಟೇಷನ್ ಬರೋ ಮುಂಚೆ ಎಬ್ಬಿಸೋ ಡೆಸ್ಟಿನೇಶನ್ ಅಲರ್ಟ್ ಇಡಬಹುದು. ಜೊತೆಗೆ ನಿಮ್ಮದೇ ಅಲಾರಂ, ವೈಬ್ರೇಶನ್‌ನಲ್ಲಿ.

ಹೆಚ್ಚಿನವರ ಪ್ಲಾನ್ ಮುರಿದು ಬೀಳೋದು ರೈಲಿನಲ್ಲಲ್ಲ, ಇಳಿದ ಮೇಲೆ. ಬೆಳಿಗ್ಗೆ ಇಳಿದವರಿಗೆ ರೂಮು ಕೊಡೋದು ಮಧ್ಯಾಹ್ನ 12ಕ್ಕೆ. ನಿದ್ದೆ ಸರಿಯಾಗಿಲ್ಲ, ಸ್ನಾನ ಇಲ್ಲ, ಬ್ಯಾಗ್ ಹೆಗಲ ಮೇಲೆ, ಬಿಸಿಲು ಏರ್ತಾ ಇರುತ್ತೆ. ಅಷ್ಟು ಹೊತ್ತಿನಲ್ಲಿ ಮೂರು ದಿನದ ಶಕ್ತಿ ಖಾಲಿ. "24 ಗಂಟೆ ಚೆಕ್‌ಔಟ್" (ಒಳಗೆ ಹೋದ ಹೊತ್ತಿನಿಂದ 24 ಗಂಟೆ ಲೆಕ್ಕ) ಇರುವ ಲಾಡ್ಜ್ ಹಿಡಿಯಿರಿ, ಅಥವಾ ಹಿಂದಿನ ರಾತ್ರಿಯಿಂದಲೇ ರೂಮಿಗೆ ದುಡ್ಡು ಕಟ್ಟಿ. ದುಂದು ಅನ್ನಿಸಬಹುದು, ಆದರೆ ಈ ಪ್ರವಾಸದಲ್ಲಿ ಮೊದಲು ಖರ್ಚು ಮಾಡಬೇಕಾದ್ದು ಇದಕ್ಕೇ. ಫೋನಿನಲ್ಲಿ ಕೇಳೋಕೆ ಬರೆದಿಟ್ಕೊಳ್ಳಿ: "ಒಬ್ಬಳೇ ಬರ್ತಿದ್ದೀನಿ, ರೂಮ್ ಕೊಡ್ತೀರಲ್ವಾ? ಬೆಳಿಗ್ಗೆ 7ಕ್ಕೇ ಒಳಗೆ ಬಿಡ್ತೀರಾ? ರೋಡ್ ಕಡೆ ಬೇಡ, ಹಿಂದಿನ ರೂಮ್ ಇದೆಯಾ?" ಮೊದಲನೇ ಪ್ರಶ್ನೆ ಬಿಡಬೇಡಿ. ಒಂಟಿ ಹೆಂಗಸರಿಗೆ ರೂಮ್ ಇಲ್ಲ ಅನ್ನೋ ಲಾಡ್ಜ್‌ಗಳು ಇನ್ನೂ ಇವೆ. ಉತ್ತರವನ್ನ ವಾಟ್ಸಾಪಿನಲ್ಲಿ ತರಿಸಿಕೊಳ್ಳಿ.

ಸ್ಟೇಷನ್ ಬಾಗಿಲಲ್ಲಿ ಆಟೋದವರು ಮುತ್ತಿಕೊಳ್ತಾರೆ. ಇಳಿದ ಕೂಡಲೇ ಹೊರಡಬೇಡಿ, ಪ್ಲಾಟ್‌ಫಾರ್ಮ್ ಬೆಂಚಲ್ಲಿ 15 ನಿಮಿಷ ಕೂತರೆ ಆ ಗುಂಪು ಕರಗುತ್ತೆ. ಲಾಡ್ಜಿನವರಿಗೇ ಹೇಳಿ ದರ ಮಾತಾಡಿದ ಆಟೋ ಕಳಿಸಿಕೊಂಡರೆ ಚೌಕಾಸಿನೇ ಇಲ್ಲ.

ಹೇಮಕೂಟದಮೆಟ್ಟಿಲು

ಡಿಸೆಂಬರ್ ಒಳ್ಳೆ ಹವಾ ಅಂತ ಎಲ್ಲರೂ ಹೇಳ್ತಾರೆ. ಹವಾ ಒಳ್ಳೇದೇ, ಆದರೆ ಶಾಲಾ ಪ್ರವಾಸದ ಬಸ್ಸುಗಳು ಬರೋದೂ ಆಗಲೇ. ಫೆಬ್ರವರಿಯಲ್ಲಿ, ಮಂಗಳವಾರದಿಂದ ಗುರುವಾರದೊಳಗೆ ಹೋಗಿ. ಹಂಪಿ ಉತ್ಸವದ ತಾರೀಕು ವರ್ಷ ವರ್ಷ ಬದಲಾಗುತ್ತೆ, ಬುಕ್ ಮಾಡೋ ಮುಂಚೆ ನೋಡಿ. ಹುಣ್ಣಿಮೆ ದಿನ ಗುಡಿಗೆ ಜನ ಜಾಸ್ತಿ, ಅದೂ ಬೇಡ. ಮಾರ್ಚ್ ಕೊನೆಯಿಂದ ಬಂಡೆಗಳೇ ಕಾದು ಶಾಖ ಉಗುಳುತ್ತವೆ.

ಹೊಸಪೇಟೆಯಿಂದ ಹಂಪಿ ಸುಮಾರು 13 ಕಿ.ಮೀ. ಹಂಪಿಯ ಜನತಾ ಪ್ಲಾಟ್‌ನಲ್ಲಿ ಉಳಿದರೆ ವಿರೂಪಾಕ್ಷ ಗುಡಿ ಪಕ್ಕದಲ್ಲೇ, ಆದರೆ ಓಣಿ ಇಕ್ಕಟ್ಟು, ಪಕ್ಕದ ಮನೆ ಮಾತೆಲ್ಲ ರೂಮಿನೊಳಗೆ. ನಿಮಗೆ ಹಂಪಿ ಪಕ್ಕದ ಕಮಲಾಪುರ ಸರಿ. ಅಲ್ಲಿ ಪ್ರವಾಸೋದ್ಯಮ ನಿಗಮದ ಮಯೂರ ಭುವನೇಶ್ವರಿ ಇದೆ.

ದಿನಕ್ಕೆ ಒಂದು ದೊಡ್ಡ ಜಾಗ, ಒಂದು ಖಾಲಿ ಜಾಗ. ಅದಕ್ಕಿಂತ ಹೆಚ್ಚು ಬೇಡ. ವಿಠ್ಠಲ ದೇವಸ್ಥಾನಕ್ಕೆ ಬೆಳಿಗ್ಗೆ ಬಾಗಿಲು ತೆಗೆಯೋ ಹೊತ್ತಿಗೇ ಹೋಗಿ. ಪಾರ್ಕಿಂಗಿನಿಂದ ಗುಡಿವರೆಗೆ ಹೋಗೋ ಬ್ಯಾಟರಿ ಗಾಡಿಯಲ್ಲಿ ಒತ್ತಿಕೊಂಡು ಕೂರಬೇಕು. ಆ ದಾರಿ ಸುಮಾರು ಒಂದು ಕಿ.ಮೀ. ಅಷ್ಟೇ, ನಡೆದೇ ಹೋಗಬಹುದು. ಅದೇ ಟಿಕೆಟ್ ಅದೇ ದಿನ ಕಮಲ ಮಹಲಿಗೂ ಕಮಲಾಪುರದ ಮ್ಯೂಸಿಯಮ್ಮಿಗೂ ನಡೆಯುತ್ತೆ. "ದುಡ್ಡು ಕೊಟ್ಟಾಗಿದೆಯಲ್ಲ" ಅಂತ ಮೂರನ್ನೂ ಒಂದೇ ದಿನ ತುರುಕಬೇಡಿ.

ಖಾಲಿ ಜಾಗ ಅಂದರೆ ಕಮಲಾಪುರದ ಪಟ್ಟಾಭಿರಾಮ ದೇವಸ್ಥಾನ. ದೊಡ್ಡ ಪ್ರಾಕಾರ, ಉದ್ದನೆ ಕಂಬಗಳ ಸಾಲು, ಪ್ರವಾಸಿಗರು ಆ ಕಡೆ ತಲೆ ಹಾಕೋದೇ ಕಮ್ಮಿ. ಮತಂಗ ಬೆಟ್ಟದ ಬುಡದ ಅಚ್ಯುತರಾಯ ದೇವಸ್ಥಾನವೂ ಶಾಂತ, ಆದರೆ ನಿರ್ಜನ. ಬೆಳಿಗ್ಗೆ 9ರಿಂದ ಮಧ್ಯಾಹ್ನದೊಳಗೆ ಮುಗಿಸಿ, ಸಂಜೆ ಆ ಕಡೆ ಒಬ್ಬರೇ ಬೇಡ. ವಿರೂಪಾಕ್ಷ ಗುಡಿಯಲ್ಲಿ ಪೂಜೆ ಹೊತ್ತಿಗೆ ಗಂಟೆ, ವಾದ್ಯ ಎಲ್ಲಾ ಒಟ್ಟಿಗೆ. ಹೊತ್ತು ಕೇಳಿಕೊಂಡು ತಪ್ಪಿಸಿ. ಕೈಯಲ್ಲಿ ಪ್ಲಾಸ್ಟಿಕ್ ಕವರ್ ಕಂಡರೆ ಕೋತಿ ಮೈಮೇಲೇ ಬರುತ್ತೆ, ಬಾಳೆಹಣ್ಣೆಲ್ಲ ಬ್ಯಾಗಿನ ಒಳಗಿರಲಿ. ಕಾಲಿಗೆ ಕಲ್ಲಿನ ಬಿಸಿ ತಡೆಯದಿದ್ದರೆ ದಪ್ಪ ಕಾಲುಚೀಲ.

ಸದ್ದಡಗು

ಹೆಡ್‌ಫೋನ್ ಬಗ್ಗೆ ಯಾರೂ ಹೇಳಿಲ್ಲ. ನಾಯ್ಸ್ ಕ್ಯಾನ್ಸಲಿಂಗ್ ಕೆಲಸ ಮಾಡೋದು ಒಂದೇ ಸಮನೆ ಬರೋ ತಗ್ಗು ಸದ್ದಿನ ಮೇಲೆ: ರೈಲಿನ ಗುಂಯ್, ಎಸಿ, ಫ್ಯಾನು. ಹಾರ್ನ್, ಗಂಟೆ, ಮಗುವಿನ ಕಿರುಚಾಟಕ್ಕೆ ಅದು ಅಷ್ಟಕ್ಕಷ್ಟೇ. ಹಠಾತ್ತಾಗಿ ಬರೋ ಏರುದನಿಯನ್ನ ಆ ಸರ್ಕ್ಯೂಟ್ ಅಳೆದು ರದ್ದು ಮಾಡೋಷ್ಟರಲ್ಲಿ ಅದು ಕಿವಿ ಸೇರಿರುತ್ತೆ. ನಿಮ್ಮ ತೊಂದರೆಗೆ ಫೋಮ್ ಇಯರ್‌ಪ್ಲಗ್ಗೇ ಔಷಧಿ. ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ, ಇನ್ನೊಂದು ಕೈಯಲ್ಲಿ ಕಿವಿ ಮೇಲಕ್ಕೆ ಹಿಂದಕ್ಕೆ ಎಳೆದು ಒಳಗಿಟ್ಟು, ಉಬ್ಬೋವರೆಗೆ 30 ಸೆಕೆಂಡ್ ಒತ್ತಿ ಹಿಡಿಯಿರಿ. ಅರ್ಧಕ್ಕೆ ನಿಂತಿದ್ದರೆ ಉಪಯೋಗ ಇಲ್ಲ. ನಾಲ್ಕು ಜೊತೆ ಇರಲಿ. ರಸ್ತೆ ದಾಟುವಾಗ, ಪ್ಲಾಟ್‌ಫಾರ್ಮಿನ ಅಂಚಲ್ಲಿ ಒಂದು ಕಿವಿ ತೆರೆದಿಡಿ.

ಮಾತು ನಿಂತುಹೋದಾಗ ತೋರಿಸೋಕೆ ಒಂದು ಚೀಟಿ ಬೇಕು. ಮೇಲೆ "ನನಗೆ ಆಟಿಸಂ ಇದೆ" ಅಂತ ಶುರು ಮಾಡಿದರೆ ಆಟೋ ಸ್ಟ್ಯಾಂಡಿನಲ್ಲಿ ಅರ್ಥವಾಗದೆ ಜನ ಸೇರ್ತಾರೆ. ಮೊದಲ ಸಾಲಲ್ಲೇ ಅವರು ಏನು ಮಾಡಬೇಕು ಅನ್ನೋದಿರಲಿ:

"ದಯವಿಟ್ಟು ಮುಟ್ಟಬೇಡಿ. 20 ನಿಮಿಷ ಸುಮ್ಮನೆ ಕೂರಲು ಬಿಡಿ. ನನಗೆ ಈಗ ಮಾತಾಡಲು ಆಗುತ್ತಿಲ್ಲ, ಬರೆದರೆ ಓದುತ್ತೇನೆ. ಇದು ಆಟಿಸಂನಿಂದ, ನಶೆಯಲ್ಲ, ಮೂರ್ಛೆಯಲ್ಲ. 20 ನಿಮಿಷದ ನಂತರವೂ ಹೀಗೇ ಇದ್ದರೆ ಈ ನಂಬರಿಗೆ ಫೋನ್ ಮಾಡಿ."

ಕನ್ನಡದ ಜೊತೆ ತೆಲುಗು, ಹಿಂದಿ ಕೂಡ ಹಾಕಿಸಿ; ಗಾಡಿ ಆಂಧ್ರದ ಧರ್ಮಾವರ, ಗುಂತಕಲ್ ಮೇಲೆ ಹೋಗುತ್ತೆ. ಮೊಬೈಲಲ್ಲಿ ಅಲ್ಲ, ಕಾಗದದಲ್ಲಿ. ಮೊಬೈಲ್ ಕೊಟ್ಟರೆ ಅದು ಅವರ ಕೈಯಲ್ಲೇ ಉಳಿಯುತ್ತೆ, ಲಾಕ್ ಆಗುತ್ತೆ.

ನೀಲಿಛತ್ರಿ

ಎಲ್ಲರಿಗೂ ಥ್ಯಾಂಕ್ಸ್. ಚೀಟಿ ಹೀಗೇ ಮಾಡಿಸ್ತೀನಿ. ನನ್ನ ಕೊನೇ ಪ್ರಶ್ನೆ ಹಾಗೇ ಉಳೀತು.

ನಿಧಾನಗತಿ

ತಿಳಿಯುತ್ತೆ, ಆದರೆ ತಾನಾಗಿ ಅಲ್ಲ. ಜೊತೆಗೆ ಜನ ಇದ್ದಾಗ ಅವರ ವೇಗ, ಅವರ ಊಟದ ಹೊತ್ತು, ಅವರಿಗಾಗಿ ಹಾಕಿಕೊಳ್ಳೋ ಮುಖ ಎಲ್ಲಾ ಸೇರಿ ಸುಸ್ತಾಗುತ್ತೆ, ಯಾವುದರಿಂದ ಎಷ್ಟು ಅಂತ ಗೊತ್ತಾಗಲ್ಲ. ಒಬ್ಬರೇ ಇದ್ದಾಗ ಒಂದೊಂದನ್ನೇ ಬದಲಾಯಿಸಿ ನೋಡಬಹುದು. ಹಾಗಾಗಿ ಎರಡು ದಿನವೂ ಅದೇ ತಿಂಡಿ, ಅದೇ ಆಟೋ, ಅದೇ ಹೊತ್ತು ಇರಲಿ. ಜಾಗ ಮಾತ್ರ ಬದಲಾಗಲಿ. ಎಲ್ಲಾ ಹೊಸದಾದರೆ ಕಲಿಯೋದು ಏನೂ ಇಲ್ಲ.

"ಹೇಗನ್ನಿಸ್ತು" ಅಂತ ಬರೆಯೋಕೆ ಹೋಗಬೇಡಿ. ಆಟಿಸಂ ಇರುವ ನಮ್ಮಲ್ಲಿ ಬಹಳ ಜನರಿಗೆ ಭಾವನೆಗೆ ಹೆಸರು ತಕ್ಷಣ ಸಿಗಲ್ಲ. ಹಸಿವು, ಬಾಯಾರಿಕೆ ಕೂಡ ತಡವಾಗಿ ಗೊತ್ತಾಗುತ್ತೆ. ಎರಡು ಗಂಟೆಗೊಮ್ಮೆ ಅಲಾರಂ ಇಟ್ಟು ನೀರು ಕುಡಿದು ಮೈಯನ್ನ ಬರೆಯಿರಿ: ದವಡೆ ಬಿಗಿ ಇದೆಯಾ, ಹೆಗಲು ಎಲ್ಲಿದೆ, ಕೈ ಏನು ಮಾಡ್ತಿದೆ, ಒಟ್ಟು ಒತ್ತಡ 0ರಿಂದ 5ರಲ್ಲಿ ಎಷ್ಟು. 3 ಬಂದರೆ ರೂಮಿಗೆ ವಾಪಸ್. 4ರಲ್ಲಿ ಆಟೋ ಕರೆಯೋಕೂ ಮಾತು ಬರದೇ ಇರಬಹುದು.

ಯಾರೂ ನೋಡದ ಕಡೆ ಕೈ, ಮೈ ತೂಗೋದನ್ನ ತಡೀಬೇಡಿ. ಯಾವ ಜಾಗದಲ್ಲಿ ಅದು ತಾನಾಗೇ ಶುರುವಾಯ್ತು, ಎಲ್ಲಿ ನಿಂತುಹೋಯ್ತು ಅನ್ನೋದು ಡೈರಿಯ ಮುಖ್ಯ ಸಾಲು. ತೀರ್ಮಾನ ಅಲ್ಲೇ ಮಾಡಬೇಡಿ. ಸುಸ್ತು ಎದ್ದು ಕಾಣೋದು ಎರಡು ಮೂರು ದಿನ ತಡವಾಗಿ, ಆಗ ಇಡೀ ಊರೇ ಕೆಟ್ಟದಾಗಿ ಕಾಣುತ್ತೆ. ವಾರ ಬಿಟ್ಟು ಓದಿ. ವಾಪಸ್ ಬಂದ ಮಾರನೇ ದಿನ ರಜಾ ಹಾಕಿರಿ.

ಹಳಿಪಕ್ಕ

ಮುಂದೆ ವಿಮಾನದ ಯೋಚನೆ ಇರುವವರಿಗೆ: ಬೆಂಗಳೂರು ಏರ್‌ಪೋರ್ಟಿನಲ್ಲಿ ಸೂರ್ಯಕಾಂತಿ ಚಿತ್ರದ ಹಸಿರು ಕೊರಳಪಟ್ಟಿ ಕೊಡ್ತಾರೆ, ಕಣ್ಣಿಗೆ ಕಾಣದ ಅಂಗವೈಕಲ್ಯ ಇರುವವರಿಗೆ. ಹೆಲ್ಪ್ ಡೆಸ್ಕಿನಲ್ಲಿ ಕೇಳಿ. ಹಾಕಿಕೊಂಡರೆ ತಪಾಸಣೆ ತಪ್ಪಲ್ಲ, ಮೈ ಮುಟ್ಟಿ ನೋಡೋ ಮುಂಚೆ ಹೇಳಿ ನೋಡಿ ಅಂತ ಕೇಳೋದು ಸುಲಭವಾಗುತ್ತೆ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಬ್ಯಾಗಿನಲ್ಲಿ ಸಿಕ್ಕರೆ ನಿಮ್ಮನ್ನ ವಾಪಸ್ ಕರೆಸ್ತಾರೆ. 20,000 ಎಂಎಎಚ್ ಅಂದರೆ 74 ವ್ಯಾಟ್-ಅವರ್, 100ರ ಮಿತಿಯೊಳಗೆ.